ಚುಕ್ಕೆ ತಪ್ಪಿದರೆ ಸ್ಥಾಯಿ ತಪ್ಪಿತು: ಸ್ವರಲಿಪಿ ಪುಸ್ತಕ ಸಂಪಾದಿಸುವ ಬಗೆ

(ಮಡಿಕೇರಿಯಲ್ಲಿ ಸಂಗೀತ ಕಲಿಸುವವರು, ಪುಸ್ತಕ ಅಚ್ಚು ಹಾಕಿಸುವವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಬಾಯಿಪಾಠವಾಗಿರುವ ಗೀತೆಯೊಂದರಿಂದ ಶುರು ಮಾಡೋಣ. ‘ಶ್ರೀ ಗಣನಾಥ’, ರಾಗ ಮಲಹರಿ, ತಾಳ ರೂಪಕ. ಮೊದಲ ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಹೀಗಿವೆ:

ಮ ಪ | ದ ಸ ಸ ರಿ ||
ರಿ ಸ | ದ ಪ ಮ ಪ ||

ಮೊದಲ ಸಾಲಿನ ಸ ಸ ರಿ, ಎರಡನೇ ಸಾಲಿನ ರಿ ಸ, ಈ ಐದಕ್ಕೂ ತಲೆಯ ಮೇಲೆ ಚುಕ್ಕೆ ಬೇಕು, ಅವು ತಾರಸ್ಥಾಯಿಯವು, ಅಂದರೆ ಮೇಲಿನ ಸ್ಥಾಯಿಯವು. ಇಲ್ಲಿ ಬೇಕೆಂದೇ ಚುಕ್ಕೆ ಹಾಕಿಲ್ಲ, ಕಾರಣ ಮುಂದೆ ಬರುತ್ತದೆ. ಐದರಲ್ಲಿ ಒಂದೇ ಒಂದು ಚುಕ್ಕೆ ಬಿಟ್ಟುಹೋಯಿತು ಎಂದುಕೊಳ್ಳಿ, ಮೊದಲ ಆವರ್ತದ ಕೊನೆಯ ರಿಷಭದ ಮೇಲಿನದು. ಗೀತೆ ಗೊತ್ತಿದ್ದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ, ಕೈ ತಾಳ ಹಾಕುತ್ತದೆ, ಬಾಯಿ ಹಾಡುತ್ತದೆ. ಗೀತೆ ಗೊತ್ತಿಲ್ಲದ ಹುಡುಗಿಯೊಬ್ಬಳು ಪುಸ್ತಕ ನೋಡಿ ವಯೊಲಿನ್ ಮೇಲೆ ನುಡಿಸಿದರೆ ತಾರ ಷಡ್ಜದಿಂದ ಧೊಪ್ಪನೆ ಮಧ್ಯ ಸ್ಥಾಯಿಯ ರಿಷಭಕ್ಕೆ ಬೀಳುತ್ತಾಳೆ. ಮರುಕ್ಷಣ ಮತ್ತೆ ಮೇಲಕ್ಕೆ ಹಾರಬೇಕು. ಪುಸ್ತಕ ಬೇಕಾಗುವುದು ಗೊತ್ತಿಲ್ಲದವರಿಗೆ. ಆದರೆ ಅದನ್ನು ತಿದ್ದುವವರೆಲ್ಲ ಗೊತ್ತಿರುವವರು. ಸ್ವರಲಿಪಿ ಪುಸ್ತಕಗಳ ಅರ್ಧ ತೊಂದರೆ ಹುಟ್ಟುವುದು ಇಲ್ಲೇ.

ಈಗ ಎರಡನೇ ಆವರ್ತದ ಸಾಹಿತ್ಯಕ್ಕೆ ಬನ್ನಿ. ಆರು ಎಣಿಕೆ ಇದೆ, ಸಾಹಿತ್ಯದಲ್ಲಿ ಬಾಯಿಗೆ ಬರುವ ತುಂಡು ಐದೇ: ಸಿಂ, ಧೂ, ರ, ವರ್, ಣ. ಹಾಗಾಗಿ ಯಾವುದೋ ಒಂದು ತುಂಡು ಎರಡು ಎಣಿಕೆ ಹಿಡಿಯಬೇಕು. ಒಂದು ಪುಸ್ತಕ ‘ಸಿಂ ಧೂ | – ರ’ ಎಂದು ಅಚ್ಚು ಮಾಡಿದರೆ ಎಳೆತ ಧೂ ಮೇಲೆ. ಇನ್ನೊಂದು ‘ಸಿಂ ಧು | ರ –’ ಎಂದು ಮಾಡಿದರೆ ಎಳೆತ ರ ಮೇಲೆ. ಎಳೆತದ ಅಡ್ಡಗೆರೆ (–) ಒಂದು ಮನೆ ಆಚೆ ಸರಿದಿದೆ, ಅಷ್ಟೇ. ಆದರೆ ಅರ್ಥವೂ ಅದರ ಜೊತೆಗೇ ಸರಿಯುತ್ತದೆ. ಸಂಸ್ಕೃತದಲ್ಲಿ ಕುಂಕುಮದ ಕೆಂಪಿಗೆ ಸಿಂದೂರ ಎನ್ನುತ್ತಾರೆ, ಅಲ್ಪಪ್ರಾಣದ ದ, ದೀರ್ಘ. ಕನ್ನಡದ ಬಾಯಲ್ಲಿ ಅದು ಸಿಂಧೂರವೂ ಆಗಿದೆ. ಹ್ರಸ್ವ ಮಾಡಿ ಸಿಂಧುರ ಎಂದರೆ ಆನೆ. ಗಣಪತಿಯ ಹಾಡಿನಲ್ಲಿ ಆನೆಯೂ ಸಲ್ಲುತ್ತದೆಯಾದ್ದರಿಂದ ತಪ್ಪು ತಪ್ಪಾಗಿ ಕಾಣದೆ ಕೂತುಬಿಡುತ್ತದೆ. ದೀರ್ಘಕ್ಕೆ ಎರಡು ಎಣಿಕೆ ಸಿಗುವ ಮೊದಲ ಪಾಠವನ್ನೇ ಪುಸ್ತಕದ ಮೈಯಲ್ಲಿ ಇಡುವುದು ಲೇಸು. ಎರಡನೆಯದು ಯಾವ ಪುಸ್ತಕದಲ್ಲಿದೆ ಎಂಬುದು ಟಿಪ್ಪಣಿಯಲ್ಲಿ ಇರಲಿ.

ಪ್ರಮಾಣಭೂತ ಆವೃತ್ತಿ ಎಂದರೆ ಇಷ್ಟೇ. ‘ಇದೊಂದೇ ಸರಿ’ ಎಂದು ಘೋಷಿಸುವ ಪುಸ್ತಕ ಪ್ರಮಾಣಭೂತವಲ್ಲ. ಪ್ರತಿ ಸ್ವರ ಎಲ್ಲಿಂದ ಬಂತು, ಸಂಪಾದಕರು ಎಲ್ಲಿ ಕೈ ಹಾಕಿದರು, ಎಲ್ಲಿ ಹಾಕಲಿಲ್ಲ ಎಂಬುದು ಓದುಗರಿಗೆ ಕಾಣುವ ಪುಸ್ತಕ ಪ್ರಮಾಣಭೂತ.

ಪಶ್ಚಿಮದವರು ಈ ಕೆಲಸವನ್ನು ಒಂದು ಶಿಸ್ತಾಗಿ ಬೆಳೆಸಿದ್ದಾರೆ. ಜರ್ಮನ್ ಸಂಗೀತ ರಚನಕಾರ ಬಾಖ್‌ನ ಸಮಗ್ರ ಕೃತಿಗಳ ಮೊದಲ ಆವೃತ್ತಿಯ ಕೆಲಸ 1850ರ ಸುಮಾರಿಗೆ ಜರ್ಮನಿಯಲ್ಲಿ ಶುರುವಾಗಿ ಅರ್ಧ ಶತಮಾನ ನಡೆಯಿತು. 1948ರಲ್ಲಿ ಗುಂಟರ್ ಹೆನ್ಲೆ ಮ್ಯೂನಿಕ್‌ನಲ್ಲಿ ಶುರು ಮಾಡಿದ ಪ್ರಕಾಶನದ ನೀಲಿ ಹೊದಿಕೆಯ ಪುಸ್ತಕಗಳನ್ನು ಪಿಯಾನೊ ಕಲಿತವರೆಲ್ಲ ನೋಡಿರುತ್ತಾರೆ. ‘ಉರ್‌ಟೆಕ್ಸ್ಟ್’ ಎನ್ನುವ ಜರ್ಮನ್ ಮಾತು, ಅಂದರೆ ಮೂಲಪಾಠ, ಆ ಹೊದಿಕೆಗಳಿಂದಲೇ ಬಹಳ ಜನರಿಗೆ ಪರಿಚಯವಾದದ್ದು. ಅಲ್ಲೂ ಮೂಲ ಅನ್ನುವುದು ಸುಲಭಕ್ಕೆ ಸಿಕ್ಕಿಲ್ಲ. ಬಾಖ್‌ನ ಚೆಲ್ಲೊ (ದೊಡ್ಡ ವಯೊಲಿನ್ ಥರದ ವಾದ್ಯ) ಸ್ವೀಟ್ ಎಂಬ ಕೃತಿಗುಚ್ಛ‌ಗಳಿಗೆ ಅವನ ಕೈಬರಹವೇ ಉಳಿದಿಲ್ಲ. ಹೆಂಡತಿ ಅನ್ನಾ ಮ್ಯಾಗ್ಡಲೀನಾ ಮತ್ತು ಕೆಲ್ನರ್ ಎಂಬಾತ ಮಾಡಿಕೊಂಡ ನಕಲುಗಳಿವೆ, ಯಾವ ಸ್ವರಗಳನ್ನು ಒಂದೇ ಬಿಲ್ಲಿನಲ್ಲಿ ಎಳೆಯಬೇಕು ಎಂಬ ಕಮಾನು ಗೆರೆಗಳು ಅವುಗಳಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಶೋಪೆನ್ ತನ್ನ ಒಂದೇ ಕೃತಿಯನ್ನು ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೂರೂ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಅಚ್ಚಿಗೆ ಕೊಡುತ್ತಿದ್ದ. ಮೂರು ‘ಮೊದಲ ಮುದ್ರಣ’, ಮೂರರಲ್ಲೂ ವ್ಯತ್ಯಾಸ. ಸಾಲದ್ದಕ್ಕೆ ಶಿಷ್ಯರ ಪ್ರತಿಗಳ ಮೇಲೆ ಪೆನ್ಸಿಲ್ಲಿನಲ್ಲಿ ಮಾಡಿದ ತಿದ್ದುಪಡಿ ಬೇರೆ. ಶೂಬರ್ಟ್‌ನ ಕೈಬರಹದಲ್ಲಿ ಒಂದು ಸ್ವರವನ್ನು ಒತ್ತಿ ನುಡಿಸು ಎನ್ನುವ ಮೊನಚು ಗುರುತೂ ನಿಧಾನ ಸಣ್ಣದಾಗಿಸು ಎನ್ನುವ ಉದ್ದ ಗುರುತೂ ಒಂದೇ ಆಕಾರದವು, ಉದ್ದದಲ್ಲಿ ಮಾತ್ರ ಭೇದ. ಎಷ್ಟು ಉದ್ದವಾದರೆ ಯಾವುದು ಎಂದು ಸಂಪಾದಕರು ಪ್ರತಿ ಸಲ ತೀರ್ಮಾನಿಸಬೇಕು.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ ಎನ್ನುವುದಕ್ಕೆ 2014ರ ಸಂಗತಿ ಸಾಕು. ಮೋಜಾರ್ಟ್‌ನ ಕೆ. 331 ಎಂಬ ಕ್ರಮಸಂಖ್ಯೆಯ ಪಿಯಾನೊ ಸೊನಾಟಾ, ‘ಟರ್ಕಿಶ್ ಮಾರ್ಚ್’ ಇರುವುದು, ಅದರ ಕೈಬರಹದ ನಾಲ್ಕು ಪುಟ ಬುಡಾಪೆಸ್ಟ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪತ್ತೆಯಾದವು. ಎರಡು ಶತಮಾನ ಎಲ್ಲರೂ ನುಡಿಸಿಕೊಂಡು ಬಂದ ಅಚ್ಚಿಗಿಂತ ಬೇರೆಯಾದ ಸ್ವರಗಳು ಅಲ್ಲಿದ್ದವು. ದೊಡ್ಡ ಪ್ರಕಾಶಕರು ತಿದ್ದಿದ ಆವೃತ್ತಿ ತಂದರು.

ಅವರಿಂದ ನಾವು ಎತ್ತಿಕೊಳ್ಳಬೇಕಾದದ್ದು ಸ್ವರ ಬರೆಯುವ ಐದು ಸ್ಟಾಫ್ ಗೆರೆಗಳನ್ನಲ್ಲ, ಗುರುತಿನ ಮರ್ಯಾದೆಯನ್ನು. ಆಕರದಲ್ಲಿ ಇದ್ದದ್ದು ಮಾಮೂಲಿ ಅಕ್ಷರದಲ್ಲಿ. ಸಂಪಾದಕರು ಸೇರಿಸಿದ್ದು ಚೌಕ ಕಂಸದಲ್ಲಿ ಅಥವಾ ಸಣ್ಣ ಅಕ್ಷರದಲ್ಲಿ. ಸೇರಿಸಿದ ಕಮಾನು ಗೆರೆ ತುಂಡುಗೆರೆಯಲ್ಲಿ. ಬೆರಳಿನ ಸಂಖ್ಯೆ ಹಾಕಿಕೊಟ್ಟ ಕಲಾವಿದರ ಹೆಸರು ಪ್ರತ್ಯೇಕವಾಗಿ ಅಚ್ಚಾಗುತ್ತದೆ, ಅದು ಕೃತಿ ರಚಿಸಿದವನದಲ್ಲ ಎಂದು ಗೊತ್ತಾಗಲಿ ಅಂತ. ನಮ್ಮ ಪುಸ್ತಕಗಳಲ್ಲಿ ಗಮಕದ (ಸ್ವರವನ್ನು ತೂಗಿ ಅಲುಗಿಸುವ ಬಗೆಯ) ಗುರುತು ಕೃತಿ ರಚಿಸಿದ ವಾಗ್ಗೇಯಕಾರರದೋ, ಗುರುಗಳದೋ, ಡಿಟಿಪಿ ಮಾಡಿದವರದೋ ತಿಳಿಯುವುದಿಲ್ಲ.

ಆಕರಗಳು

ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರೇ ಬರೆದ ಸ್ವರಲಿಪಿ ಸಿಗುವುದು ಅಪರೂಪ. ಪುರಂದರದಾಸರ ಕಾಲದ ಸ್ವರಲಿಪಿ ನಮಗೆ ಉಳಿದಿಲ್ಲ. ತ್ಯಾಗರಾಜರ ಕೃತಿಗಳು ವಾಲಾಜಾಪೇಟೆ, ಉಮಯಾಳ್‌ಪುರಂ, ತಿಲ್ಲೈಸ್ಥಾನಂ ಎಂಬ ಮೂರು ಶಿಷ್ಯಪರಂಪರೆಗಳಲ್ಲಿ ಇಳಿದು ಬಂದವು. ವಾಲಾಜಾಪೇಟೆಯವರ ಹಸ್ತಪ್ರತಿಗಳು ಮಧುರೈಯ ಸೌರಾಷ್ಟ್ರ ಸಭೆಯಲ್ಲಿ ಇವೆ. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಿಗೆ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚು ಮಾಡಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಇದೆ. ಪ್ರತಿ ಗಮಕಕ್ಕೂ ಒಂದೊಂದು ಗುರುತು ಕೊಟ್ಟು, ಆ ಗುರುತುಗಳ ವಿವರಣೆಯನ್ನೂ ಮೊದಲೇ ಕೊಟ್ಟ ಪುಸ್ತಕ ಅದು. ಸ್ವರಲಿಪಿ ಪುಸ್ತಕ ಮಾಡ ಹೊರಟವರು ಮೊದಲು ಕೂತು ನೋಡಬೇಕಾದದ್ದು ಅದನ್ನು.

ಮಾಡಬೇಕಾದ ಮೊದಲ ಕೆಲಸ ಆಕರಗಳ ಪಟ್ಟಿ. ಒಂದೊಂದಕ್ಕೂ ಒಂದಕ್ಷರದ ಸಂಕೇತ ಕೊಡಿ: ಕೈಬರಹದ ಪುಸ್ತಕ ‘ಕ’, ಹಳೆಯ ಅಚ್ಚು ‘ಅ’, ಧ್ವನಿಮುದ್ರಿಕೆ ‘ಧ’, ಹೀಗೆ. ಪ್ರತಿಯೊಂದರ ಎದುರಿಗೆ ಯಾರು, ಯಾವಾಗ, ಯಾರಿಂದ ಕಲಿತದ್ದು, ಯಾವ ಲಿಪಿ, ಎಷ್ಟು ಪುಟ ಹಾಳಾಗಿದೆ ಎಂದು ಬರೆಯಿರಿ. ಹತ್ತು ಪುಸ್ತಕ ಸಿಕ್ಕಿತೆಂದು ಹಿಗ್ಗಬೇಡಿ. ಹತ್ತರಲ್ಲಿ ಏಳು ಒಂದೇ ಪುಸ್ತಕದ ನಕಲಾಗಿದ್ದರೆ ಅವು ಏಳು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ನಕಲು ಹಿಡಿಯುವ ಉಪಾಯ ಸುಲಭ: ಸರಿಯಾದ ಜಾಗಗಳನ್ನು ಹೋಲಿಸಬೇಡಿ, ತಪ್ಪುಗಳನ್ನು ಹೋಲಿಸಿ. ಒಂದೇ ಜಾಗದಲ್ಲಿ ಒಂದೇ ವಿಚಿತ್ರ ತಪ್ಪು ಎರಡು ಪುಸ್ತಕದಲ್ಲಿ ಕಂಡರೆ ಒಂದು ಇನ್ನೊಂದರ ಮಗು, ಇಲ್ಲವೇ ಎರಡಕ್ಕೂ ತಾಯಿ ಒಂದೇ.

ಧ್ವನಿಮುದ್ರಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ. 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಸಂಗತಿ (ಒಂದೇ ಸಾಲನ್ನು ಬೆಳೆಸುತ್ತ ಹಾಡುವ ರೂಪಗಳು) ಕತ್ತರಿಸಿ ಹಾಡುತ್ತಿದ್ದರು, ಕಾಲಪ್ರಮಾಣ ಏರಿಸುತ್ತಿದ್ದರು. ಪ್ಲೇಟಿನಲ್ಲಿ ಇಲ್ಲದ ಸಂಗತಿ ಆ ಕಾಲದಲ್ಲೇ ಇರಲಿಲ್ಲ ಎಂದು ತೀರ್ಮಾನಿಸಲಿಕ್ಕೆ ಬರುವುದಿಲ್ಲ.

ಲಿಪಿ ಬದಲಿಸುವಾಗ ಆಗುವ ಅನಾಹುತ ಬೇರೆಯದೇ. ಹಳೆಯ ತೆಲುಗು ಅಚ್ಚಿನಲ್ಲಿ ಮೊಳೆ ಸವೆದಿದ್ದರೆ ಸ ಮತ್ತು ಪ ಬೇರ್ಪಡಿಸುವುದು ಕಷ್ಟ. ರಾಗದ ನಡೆ ನೋಡಿಯೇ ನಿರ್ಧರಿಸಬೇಕಾಗುತ್ತದೆ, ನಿರ್ಧರಿಸಿದ್ದನ್ನು ಟಿಪ್ಪಣಿಯಲ್ಲಿ ಹೇಳಬೇಕು. ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬಗಳಿಗೆ ಒಂದೇ ಅಕ್ಷರ. ಅಲ್ಲಿಂದ ದಾಸರ ಪದದ ಸಾಹಿತ್ಯವನ್ನು ಕನ್ನಡಕ್ಕೆ ತಂದರೆ ಸಾಹಿತ್ಯ ತೊದಲುತ್ತದೆ. ಸಾಹಿತ್ಯಕ್ಕೆ ಕನ್ನಡದ ಆಕರ, ಸ್ವರಕ್ಕೆ ಬೇರೆ ಆಕರ ಎಂದು ವಿಂಗಡಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಹಾಗೆಂದು ಹೇಳಿದರೆ ಸರಿ.

ಸಾಹಿತ್ಯವನ್ನು ತೂಗಲು ನಮ್ಮ ಕೈಯಲ್ಲಿ ಪ್ರಾಸ ಎಂಬ ತಕ್ಕಡಿ ಇದೆ. ‘ಶ್ರೀ ಗಣನಾಥ’ ಗೀತೆಯಲ್ಲೇ ‘ಲಂಬೋದರ’ಕ್ಕೆ ‘ಅಂಬಾಸುತ’ ಬಂದಿದೆ, ‘ಕರುಣಾಸಾಗರ’ಕ್ಕೆ ‘ಕರಿವದನ’, ‘ಸಿದ್ಧಚಾರಣ’ಕ್ಕೆ ‘ಸಿದ್ಧಿವಿನಾಯಕ’. ಆದರೆ ‘ಸಕಲವಿದ್ಯಾದಿ’ಗೆ ‘ಸರ್ವೋತ್ತಮ’. ಎರಡನೇ ಅಕ್ಷರ ಕೂಡಲಿಲ್ಲ. ಇಲ್ಲಿ ಉತ್ಸಾಹಿ ಸಂಪಾದಕರ ಕೈ ತುರಿಸುತ್ತದೆ, ‘ಸಕಲೋತ್ತಮ’ ಮಾಡಿಬಿಡೋಣವೇ ಅಂತ. ಮಾಡಬಾರದು. ಪ್ರಾಸ ತಪ್ಪಿದೆ ಎನ್ನುವುದು ಇನ್ನೊಮ್ಮೆ ಆಕರ ನೋಡಲು ಕಾರಣ, ತಿದ್ದಲು ಕಾರಣವಲ್ಲ.

ತಾಳೆ ನೋಡುವುದು

ತಾಳೆ ನೋಡಲು ಎಕ್ಸೆಲ್ ಹಾಳೆಯಷ್ಟು ಅನುಕೂಲ ಇನ್ನೊಂದಿಲ್ಲ. ಅಡ್ಡ ಸಾಲಿಗೆ ಒಂದು ಆವರ್ತ, ಕಂಬಕ್ಕೆ ಒಂದು ಆಕರ. ಪಲ್ಲವಿಯ ಐದು ಸಂಗತಿಗಳಿದ್ದರೆ ಐದಕ್ಕೂ ಬೇರೆ ಬೇರೆ ಸಾಲು. ನಕಲು ಮಾಡುವವರ ಕಣ್ಣು ಜಾರುವುದು ಹೆಚ್ಚಾಗಿ ಸಂಗತಿಗಳಲ್ಲೇ: ಎರಡನೆಯದೂ ಮೂರನೆಯದೂ ಒಂದೇ ಥರ ಶುರುವಾದರೆ ಎರಡನೆಯದರ ತಲೆಗೆ ಮೂರನೆಯದರ ಬಾಲ ಸೇರಿಕೊಳ್ಳುತ್ತದೆ. ಒಂದು ಸಂಗತಿ ಮಾಯವಾಗಿರುತ್ತದೆ, ಆದರೂ ತಾಳ ಸರಿಯಾಗಿಯೇ ಇರುತ್ತದೆ.

ಉಳಿದ ತಪ್ಪುಗಳನ್ನು ಎಣಿಕೆ ಹಿಡಿದುಕೊಡುತ್ತದೆ. ಆದಿತಾಳಕ್ಕೆ ಎಂಟಕ್ಷರ, ಅಕ್ಷರಕ್ಕೆ ನಾಲ್ಕರಂತೆ ಬರೆದರೆ ಆವರ್ತಕ್ಕೆ 32, ಎರಡು ಕಳೆಯಾದರೆ (ಪ್ರತಿ ಅಕ್ಷರ ಇಮ್ಮಡಿಯಾದರೆ) 64. ಹ್ರಸ್ವ ಸ್ವರಕ್ಕೆ 1, ದೀರ್ಘಕ್ಕೆ 2, ಅಲ್ಪವಿರಾಮಕ್ಕೆ 1, ಅರ್ಧವಿರಾಮಕ್ಕೆ 2, ಮೇಲ್ಗೆರೆ ಇದ್ದರೆ ಅರ್ಧಕ್ಕಿಳಿಸಿ ಕೂಡಿ. ತಾಳದ ಮೊದಲ ಭಾಗವಾದ ಲಘುವಿಗೆ 16, ಉಳಿದ ಎರಡು ದ್ರುತಕ್ಕೆ ಎಂಟೆಂಟು ಬರಬೇಕು. 31 ಬಂದರೆ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ, ಇಲ್ಲವೇ ದೀರ್ಘ ಹ್ರಸ್ವವಾಗಿದೆ. ಎಲ್ಲಿ ಎಂದು ಸಾಹಿತ್ಯದ ಸಾಲು ಹೇಳುತ್ತದೆ. ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಅರ್ಧ ಅಕ್ಷರ ಬಿಟ್ಟು ಶುರುವಾಗುವ ಕೃತಿಗಳಲ್ಲಿ ಮೊದಲ ಆವರ್ತದ ಖಾಲಿಯನ್ನೂ ವಿರಾಮ ಹಾಕಿ ತುಂಬಿಸಲೇಬೇಕು. ಹಾಗೆ ತುಂಬಿಸದ ಪುಸ್ತಕಗಳೇ ಜಾಸ್ತಿ. ಒಳ್ಳೆಯ ಪುಸ್ತಕವೋ ಅಲ್ಲವೋ ಎಂದು ಅಂಗಡಿಯಲ್ಲಿ ನಿಂತು ನೋಡಬೇಕೆಂದರೆ ಆ ಒಂದು ಸಾಲು ನೋಡಿದರೆ ಸಾಕು.

ಸ್ವರಸ್ಥಾನದ ಸಂಖ್ಯೆಯ ಬಗ್ಗೆ ಜಗಳ ಇದ್ದದ್ದೇ. ಖಮಾಚ್ ರಾಗ ತೆಗೆದುಕೊಳ್ಳಿ. ಕೈಶಿಕಿ ನಿಷಾದ (ತಗ್ಗಿನ ನಿ) ಅದರ ಮನೆಯದು. ಕಾಕಲಿ ನಿಷಾದ (ಎತ್ತರದ ನಿ, ಸಂಖ್ಯೆ 3) ಕೆಲವು ಪ್ರಯೋಗಗಳಲ್ಲಿ ಈಗ ಹಾಡುವುದುಂಟು. ಆಕರದಲ್ಲಿ ಬರೀ ‘ನಿ’ ಎಂದಿದ್ದರೆ ಮೈಯಲ್ಲಿ ಬರೀ ‘ನಿ’ ಎಂದೇ ಇರಲಿ. ಕಾಕಲಿ ಎಂದು ನಿಮಗೆ ಖಾತ್ರಿಯಿದ್ದರೆ ಕಂಸದಲ್ಲಿ 3 ಹಾಕಿ. ಕಂಸ ಕಂಡವರಿಗೆ ಅದು ನಿಮ್ಮ ಮಾತು ಎಂದು ತಿಳಿಯುತ್ತದೆ, ಒಪ್ಪದವರು ಬಿಟ್ಟು ಹಾಡುತ್ತಾರೆ.

ಪುಟ ಕಟ್ಟುವುದು

ಈಗ ಚುಕ್ಕೆಗೆ ಬರೋಣ. ಯೂನಿಕೋಡ್‌ನಲ್ಲಿ ಅಕ್ಷರದ ಮೇಲೆ ಚುಕ್ಕೆ ಕೂರಿಸುವ ಸಂಕೇತ ಇದೆ, ಆದರೆ ಬಹಳಷ್ಟು ಕನ್ನಡ ಫಾಂಟುಗಳಲ್ಲಿ ಅದಕ್ಕೆ ಜಾಗ ಗೊತ್ತುಮಾಡಿಲ್ಲ. ಸಕಾರದ ಮೇಲೆ ಹೇಗೋ ಕೂರುತ್ತದೆ. ರಿ, ನಿಗಳ ಗುಡಿಸಿನ ಮೇಲೆ ಏರಿ ಪಕ್ಕಕ್ಕೆ ಜಾರುತ್ತದೆ, ಮುಂದಿನ ಅಕ್ಷರದ್ದೇನೋ ಎನ್ನಿಸುತ್ತದೆ. ಒಂದು ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಕೆಡುತ್ತದೆ. ಮೇಲೆ ಚುಕ್ಕೆಯಿಲ್ಲದೆ ಬರೆದದ್ದು ಅದಕ್ಕೇ.

ಪರಿಹಾರ ಸರಳ. ಸ್ವರಲಿಪಿಯನ್ನು ಸಾಲಾಗಿ ಟೈಪ್ ಮಾಡಬೇಡಿ, ಕೋಷ್ಟಕವಾಗಿ ಮಾಡಿ. ಪ್ರತಿ ಆವರ್ತಕ್ಕೆ ಮೂರು ಅಡ್ಡಸಾಲು: ಮೇಲೆ ಚುಕ್ಕೆ ಮತ್ತು ಗಮಕದ ಗುರುತಿಗೆ, ನಡುವೆ ಸ್ವರ, ಕೆಳಗೆ ಸಾಹಿತ್ಯ. ಮಂದ್ರಸ್ಥಾಯಿ (ಕೆಳಗಿನ ಸ್ಥಾಯಿ, ಚುಕ್ಕೆ ಸ್ವರದ ಕೆಳಗೆ) ಇದ್ದ ಕಡೆ ಸ್ವರ, ಸಾಹಿತ್ಯಗಳ ನಡುವೆ ಇನ್ನೊಂದು ಸಾಲು. ಒಂದು ಎಣಿಕೆಗೆ ಒಂದು ಮನೆ. ಸ್ಪೇಸ್ ಬಾರ್ ಒತ್ತಿ ಹೊಂದಿಸಿದ ಸಾಹಿತ್ಯ ಫಾಂಟ್ ಬದಲಾದ ದಿನ ಒಂದೊಂದು ಮನೆ ಸರಿಯುತ್ತದೆ. ಸರಿದರೆ ಸಿಂಧೂರ ಹೋಗಿ ಸಿಂಧುರ ಬರುತ್ತದೆ ಎಂದು ಆಗಲೇ ನೋಡಿದೆವು. ಕನ್ನಡ, ತೆಲುಗಿನಂಥ ಲಿಪಿಗಳಲ್ಲಿ ಇರುವ ಇನ್ನೊಂದು ತೊಡಕು ಒತ್ತಕ್ಷರ. ಸಾಹಿತ್ಯದ ಸಾಲಿನ ಒತ್ತು ಕೆಳಗಿಳಿದು ಮುಂದಿನ ಸಾಲಿನ ಚುಕ್ಕೆಯನ್ನು ಮುಟ್ಟುತ್ತದೆ. ಎರಡು ಆವರ್ತಗಳ ನಡುವೆ ಕನಿಷ್ಠ 4 ಮಿಲಿಮೀಟರ್ ಬಿಡಿ.

ಅಳತೆ ನೋಡಿ. ಡೆಮ್ಮಿ 1/8 ಅಳತೆಯ ಪುಸ್ತಕದಲ್ಲಿ ಅಂಚು ಬಿಟ್ಟರೆ ಅಕ್ಷರಕ್ಕೆ ಸಿಗುವುದು ಸುಮಾರು 110 ಮಿಲಿಮೀಟರ್. 32 ಮನೆ ಮಾಡಿದರೆ ಮನೆಗೆ 3.4 ಮಿಲಿಮೀಟರ್, 14 ಪಾಯಿಂಟಿನ ‘ರೀ’ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಹಾಗಂತ 8 ಪಾಯಿಂಟಿಗೆ ಇಳಿಸಿದರೆ ಓದುವವರ ಕಣ್ಣು ಹೋಗುತ್ತದೆ. ಕಾದಂಬರಿ ಕೈಯಲ್ಲಿ ಹಿಡಿದು ಓದುವಂಥದ್ದು. ಸ್ವರಲಿಪಿ ಎದುರಿಗೆ ವ್ಯಾಸಪೀಠದ ಮೇಲೆ, ಎರಡಡಿ ದೂರದಲ್ಲಿರುತ್ತದೆ. ಸ್ವರಕ್ಕೆ 14ರಿಂದ 16 ಪಾಯಿಂಟು ಬೇಕು. ಆದ್ದರಿಂದ ಆದಿತಾಳವನ್ನು ಲಘುವಿನ ಬಳಿ ಮುರಿದು ಎರಡು ಸಾಲು ಮಾಡಿ, ಒಂದರಲ್ಲಿ ಲಘು, ಇನ್ನೊಂದರಲ್ಲಿ ಎರಡು ದ್ರುತ. ಅದಕ್ಕಿಂತ ಅಗಲದ ಕ್ರೌನ್ 1/4 ಅಳತೆಯಲ್ಲಿ ಆಗ ಮನೆಗೆ 9 ಮಿಲಿಮೀಟರ್‌ಗಿಂತ ಹೆಚ್ಚೇ ಸಿಗುತ್ತದೆ. ಇಡೀ ಆವರ್ತ ಒಂದೇ ಸಾಲಿನಲ್ಲಿ ಬೇಕು ಎಂಬ ಹಟವಿದ್ದರೆ ಎ4 ಹಾಳೆಯನ್ನು ಅಡ್ಡ ಮಾಡಬೇಕು, ಮನೆಗೆ 8 ಮಿಲಿಮೀಟರ್ ಸಿಗುತ್ತದೆ. ಆವರ್ತ ಮಾತ್ರ ಪುಟ ತಿರುವಿಗೆ ಸಿಕ್ಕಿ ಮುರಿಯಬಾರದು. ವಯೊಲಿನ್ ಹಿಡಿದವರ ಎರಡು ಕೈಯೂ ಖಾಲಿಯಿರುವುದಿಲ್ಲ. ಕೃತಿಯನ್ನು ಎಡಪುಟದಲ್ಲಿ ಶುರು ಮಾಡಿದರೆ ಬಹುಪಾಲು ಕೃತಿಗಳು ಎದುರುಬದುರು ಎರಡು ಪುಟದಲ್ಲೇ ಮುಗಿಯುತ್ತವೆ.

ಫೈಲು ಯಾವುದರಲ್ಲಿ ಉಳಿಸುತ್ತೀರಿ ಎನ್ನುವುದೂ ಸಂಪಾದನೆಯ ಭಾಗವೇ. ಹಳೆಯ ನುಡಿ, ಶ್ರೀಲಿಪಿ ಆಸ್ಕಿ ಫಾಂಟುಗಳಲ್ಲಿ ಮಾಡಿದ ಪುಸ್ತಕವನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ಅಕ್ಷರವೇನೋ ಬರುತ್ತದೆ. ಚುಕ್ಕೆಗೆಂದು ಕದ್ದುಮುಚ್ಚಿ ಬಳಸಿದ ಸಂಕೇತಗಳು ಕಸವಾಗುತ್ತವೆ. ಪಶ್ಚಿಮದ ಸ್ವರಲಿಪಿಗೆ ದಶಕಗಳ ಕಾಲ ಚಾಲ್ತಿಯಲ್ಲಿದ್ದ ಫಿನಾಲೆ ತಂತ್ರಾಂಶದ ಅಭಿವೃದ್ಧಿಯನ್ನು ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಮ್ಯೂಸಿಕ್ ಎಕ್ಸ್‌ಎಂಎಲ್ ರೂಪದಲ್ಲೂ ಒಂದು ಪ್ರತಿ ಇಟ್ಟವರು ನೆಮ್ಮದಿಯಾಗಿ ಬೇರೆ ತಂತ್ರಾಂಶಕ್ಕೆ ಹೋಗಬಹುದು. ನಿಮ್ಮ ಕೋಷ್ಟಕವನ್ನೂ ಸಾದಾ ಸಿಎಸ್‌ವಿ ಫೈಲಾಗಿ, ಜೊತೆಗೆ ಪಿಡಿಎಫ್ ಆಗಿ ಎರಡು ಕಡೆ ಇಡಿ.

ಕಾಗದ, ಮಳೆ, ಮೈಲುತುತ್ತ

ಕೊಡಗಿನಲ್ಲಿ ಪುಸ್ತಕದ ಮಾತಾಡುವಾಗ ತೇವದ ಮಾತು ಬಿಡಲಾಗದು. ಪಾರ್ಚ್‌ಮೆಂಟ್ ಕಾಫಿಯನ್ನು (ತಿರುಳು ತೆಗೆದು ಒಣಗಿಸಿದ ಬೀಜ) ಚೀಲಕ್ಕೆ ತುಂಬುವ ಮುನ್ನ ತೇವ ನೋಡುವ ಊರು ಇದು. ಕಾಗದಕ್ಕೂ ಅದೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಚ್ಚಿಟ್ಟ ರೀಮು ಗಾಳಿಯ ನೀರು ಕುಡಿದು ಅಂಚು ಅಲೆಯಲೆಯಾಗುತ್ತದೆ, ಮೆಷಿನ್ ಹಾಳೆಯನ್ನು ನೇರ ಹಿಡಿಯುವುದಿಲ್ಲ, ಶಾಯಿ ಒಣಗದೆ ಹಿಂದಿನ ಹಾಳೆಗೆ ಅಂಟುತ್ತದೆ. ಅಚ್ಚಿನ ಕೆಲಸ ಫೆಬ್ರವರಿ–ಮಾರ್ಚ್‌ಗೆ ಇಟ್ಟುಕೊಳ್ಳಿ. ಆಗದಿದ್ದರೆ ಕಾಗದದ ಕಟ್ಟನ್ನು ಮೆಷಿನ್ ಕೋಣೆಯಲ್ಲೇ ಒಂದೆರಡು ದಿನ ಬಿಚ್ಚದೆ ಇಟ್ಟು, ಬೇಕಾದಷ್ಟೇ ಬಿಚ್ಚಿ.

ಕಾಗದ 90 ಜಿಎಸ್‌ಎಂ ಮ್ಯಾಪ್ಲಿಥೋ ಇರಲಿ. 60–70 ಆದರೆ ಹಿಂದಿನ ಪುಟದ ಚುಕ್ಕೆ ಮುಂದಿನ ಪುಟದಲ್ಲಿ ಇಣುಕುತ್ತದೆ, ಮಧ್ಯಸ್ಥಾಯಿಯ ಗಾಂಧಾರ ತಾರಸ್ಥಾಯಿಗೆ ಏರಿದಂತೆ ಕಾಣುತ್ತದೆ. ಮರುಬಳಕೆಯ ಕಾಗದದ ಕಪ್ಪು ಕಣಗಳದ್ದೂ ಇದೇ ಕಿತಾಪತಿ. ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಅದಕ್ಕಿಂತ ಸಣ್ಣದಾದರೆ ಅಚ್ಚಿನ ಪ್ಲೇಟಿನಲ್ಲಿ ಉಳಿದರೂ ಮಕ್ಕಳು ಮಾಡಿಸುವ ಜೆರಾಕ್ಸ್‌ನಲ್ಲಿ ಹಾರಿಹೋಗುತ್ತದೆ.

ಪುಟಗಳನ್ನು 16ರ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಲೆಕ್ಕಕ್ಕೆ ಹೊಂದಿಸಿ: 112 ಆದರೆ ಏಳು ಫಾರಂ, 114 ಆದರೆ ಎಂಟನೇ ಫಾರಂಗೆ ದುಡ್ಡು ದಂಡ. 64 ಪುಟದೊಳಗಿದ್ದರೆ ನಡುವೆ ಪಿನ್ ಹೊಡೆದರೆ ಸಾಕು. ಅದರ ಮೇಲಾದರೆ ಹೊಲಿಗೆ ಬೈಂಡಿಂಗೇ ಆಗಬೇಕು. ಬರೀ ಗಮ್ ಹಾಕಿದ ಪುಸ್ತಕ ವ್ಯಾಸಪೀಠದ ಮೇಲೆ ಬಿಡಿಸಿಕೊಂಡು ಕೂರುವುದಿಲ್ಲ. ಒತ್ತಿ ಕೂರಿಸಿದರೆ ಬೆನ್ನು ಒಡೆದು ಹಾಳೆ ಉದುರುತ್ತವೆ. ಹೊದಿಕೆಗೆ ಒಂದೇ ಮಗ್ಗುಲು ಲ್ಯಾಮಿನೇಷನ್ ಮಾಡಿದರೆ ಒಳಮಗ್ಗುಲು ತೇವ ಎಳೆದು ಮಳೆಗಾಲದಲ್ಲಿ ಹೊದಿಕೆ ಸುರುಳಿ ಸುತ್ತುತ್ತದೆ. ಮೈದಾ ಅಂಟಿನಲ್ಲಿ ಹಳೆಯ ಬೈಂಡರುಗಳು ಚಿಟಿಕೆ ಮೈಲುತುತ್ತ ಕಲೆಸುತ್ತಿದ್ದರು, ಬೂಷ್ಟು ಮತ್ತು ಹುಳ ಬರದಿರಲಿ ಎಂದು. ಮೆಣಸಿನ ಬಳ್ಳಿಗೆ ಮೈಲುತುತ್ತದಿಂದ ಮಾಡುವ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಅದಕ್ಕೆ ಕೊರತೆಯೇನಿಲ್ಲ.

ಮನೆಗಳ ಅಟ್ಟದಲ್ಲಿ ಹಳೆಯ ಸ್ವರಲಿಪಿ ನೋಟುಪುಸ್ತಕಗಳಿದ್ದರೆ ಅವಕ್ಕೂ ಬೇಸಿಗೆಯೇ ಕಾಲ. ಬಿಸಿಲಿಗೆ ಒಡ್ಡಬೇಡಿ, ಗಾಳಿಯಾಡುವ ನೆರಳಲ್ಲಿ ಬಿಡಿಸಿಡಿ. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಶಾಯಿಪೆನ್ನಿನ ಬರಹ ಕಲೆಸಿಹೋಗುತ್ತದೆ. ಒಣ ಮೆತ್ತನೆ ಬ್ರಷ್ಷು, ಮೂಗಿಗೆ ಮಾಸ್ಕು. 400 ಡಿಪಿಐಗೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕಪ್ಪುಬಿಳುಪಿನಲ್ಲಿ ಬೇಡ. ಚುಕ್ಕೆಯೋ ಹುಳದ ಕಲೆಯೋ ಎಂದು ಬಣ್ಣವೇ ಹೇಳುವುದು. ಅನುಮಾನ ಇದ್ದ ಕಡೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ: ಪೆನ್ನು ಊರಿದ್ದರೆ ಗುಳಿ ಕಾಣುತ್ತದೆ.

ಕರಡು ತಿದ್ದುವುದು

ನಾಲ್ಕು ಸುತ್ತು. ಮೊದಲನೆಯದರಲ್ಲಿ ಒಬ್ಬರು ಆಕರದಿಂದ ಸ್ವರವನ್ನು ಹಾಡದೆ ಓದಬೇಕು, ‘ಮೇಲಿನ ಸ, ಮೇಲಿನ ರಿ, ಒಂದು ವಿರಾಮ’ ಎಂದು. ಇನ್ನೊಬ್ಬರು ಕರಡಿನಲ್ಲಿ ಬೆರಳಿಟ್ಟು ನೋಡಬೇಕು. ಹಾಡಿದರೆ ಕೆಟ್ಟಿತು, ಬಾಯಿ ತನಗೆ ಗೊತ್ತಿದ್ದದ್ದನ್ನು ಹೇಳಿಬಿಡುತ್ತದೆ. ಎರಡನೇ ಸುತ್ತು ಎಣಿಕೆ. ಮೂರನೆಯದು ಚುಕ್ಕೆ, ಗೆರೆ, ವಿರಾಮಗಳಿಗೆ ಮಾತ್ರ, ಕೊನೆಯ ಪುಟದಿಂದ ಹಿಂದಕ್ಕೆ. ನಾಲ್ಕನೆಯದೇ ಮುಖ್ಯ: ಆ ಕೃತಿ ಕೇಳಿಯೇ ಇರದ, ಸೀನಿಯರ್ ಮಟ್ಟದ ವಿದ್ಯಾರ್ಥಿಯ ಕೈಗೆ ಕರಡು ಕೊಟ್ಟು ನುಡಿಸಲು ಹೇಳಿ. ತಡವರಿಸಿದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಅದರಲ್ಲಿ ಅರ್ಧ ಅವರ ತಪ್ಪು ಇರಬಹುದು, ಇನ್ನರ್ಧ ನಿಮ್ಮದು.

ಹಕ್ಕಿನ ವಿಚಾರ ಬೇಗ ಮುಗಿಸುತ್ತೇವೆ. ನಮ್ಮ ದೇಶದ ಕಾಯಿದೆಯಲ್ಲಿ ಕರ್ತೃ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2022ರ ಜನವರಿಯಿಂದ ಎಲ್ಲರವು. ಎಡವುವುದು ದೇವರನಾಮಗಳಲ್ಲಿ. ಕಾಯಿದೆಗೆ ಸಾಹಿತ್ಯ ಬೇರೆ, ಸಂಗೀತ ಬೇರೆ. ಸಾಹಿತ್ಯ 16ನೇ ಶತಮಾನದ್ದಾದರೂ ಈಗ ಹಾಡುವ ಧಾಟಿಯನ್ನು 20ನೇ ಶತಮಾನದ ಯಾರೋ ವಿದ್ವಾಂಸರು ಕೂಡಿಸಿರಬಹುದು, ಅದರ ಹಕ್ಕು ಇನ್ನೂ ಜೀವಂತವಿರಬಹುದು. ಧಾಟಿ ಯಾರದೆಂದು ಆಕರಗಳ ಪಟ್ಟಿಯಲ್ಲೇ ಬರೆದುಕೊಂಡರೆ ಅನುಮತಿ ಯಾರನ್ನು ಕೇಳಬೇಕೆಂದೂ ಗೊತ್ತಾಗುತ್ತದೆ.

ಅಚ್ಚಾದ ಮೇಲೂ ತಪ್ಪು ಸಿಗುತ್ತವೆ. ಮುಚ್ಚಿಡಬೇಡಿ. ಪುಟ, ಆವರ್ತ, ಎಷ್ಟನೇ ಮನೆ, ಇದ್ದದ್ದು, ಇರಬೇಕಾದದ್ದು ಎಂದು ಐದು ಕಂಬದ ತಿದ್ದೋಲೆ ಮಾಡಿ ಉಳಿದ ಪ್ರತಿಗಳಲ್ಲಿ ಇಡಿ. ಮರುಮುದ್ರಣದಲ್ಲಿ ತಿದ್ದಿದ್ದರೆ ‘ಎರಡನೇ ಮುದ್ರಣ, ತಿದ್ದುಪಡಿಗಳೊಂದಿಗೆ’ ಎಂದು ಒಳಪುಟದಲ್ಲಿ ವರ್ಷದ ಸಮೇತ ಹಾಕಿ. ಇಲ್ಲವಾದರೆ ತರಗತಿಯಲ್ಲಿ ಒಂದೇ ಹೊದಿಕೆಯ ಎರಡು ಪುಸ್ತಕ ಎರಡು ಥರ ಹಾಡುತ್ತವೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: ಕೊಡವ ಹಾಡುಗಳಿಗೆ ಇದೆಲ್ಲ ಹೊಂದುತ್ತದೆಯೇ? ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದರಿಂದ ಹಾಡುಗಳ ಪಠ್ಯಕ್ಕೆ ಗಟ್ಟಿ ಆಕರ ಇದೆ. ಧಾಟಿಗೆ ಆಕರ ಹಾಡುವವರ ಕಂಠ. ಬಾಳೋಪಾಟ್ ಎಂಬ ಕೊಡವ ಹಾಡನ್ನು ನಾಲ್ವರು ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ಹಾಡುತ್ತಾರೆ. ಅದನ್ನು ಆದಿತಾಳದ 32 ಮನೆಗೆ ತುರುಕಿದರೆ ಹಾಡು ಉಸಿರುಗಟ್ಟುತ್ತದೆ. ಮನೆಗಳ ಸಂಖ್ಯೆಯನ್ನು ಮೊದಲೇ ಗೊತ್ತುಮಾಡದೆ, ದುಡಿಯ ಒಂದೊಂದು ಪೆಟ್ಟಿಗೆ ಒಂದು ಮನೆ ಮಾಡಿ, ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿ ಗೆರೆ ಎಳೆಯಿರಿ. ಕನಿಷ್ಠ ಎರಡು ಊರಿನ ಹಾಡುಗಾರರ ಧ್ವನಿಮುದ್ರಣ ಇಟ್ಟುಕೊಂಡು, ಯಾವ ಸಾಲು ಯಾವ ಊರಿನದು ಎಂದು ಸಂಕೇತ ಹಾಕಿ. ದುಡಿಯ ಸಾಲನ್ನು ಸಾಹಿತ್ಯದ ಕೆಳಗೆ ಹಾಕಬೇಡಿ, ಸ್ವರದ ಮೇಲೆ ಹಾಕಿ. ಹಾಡುವವರ ಕಣ್ಣು ಸಾಹಿತ್ಯದಿಂದ ಕೆಳಗಿಳಿಯುವುದು ಮುಂದಿನ ಸಾಲಿಗೆ ಹೋಗಲಿಕ್ಕೆ ಮಾತ್ರ.